ಟ್ಯಾಕ್ಸಿಸ್ ಪದದ ಇನ್ನೊಂದು ಅರ್ಥ

ಮಾರ್ಚ್ ೯, ಗುರುವಾರ
ಮಕ್ಕಳ ವಾರ್ಡು, ಹಾಸಿಗೆ ಹನ್ನೊಂದು

ಅಕ್ಕಾ,

ಸಂಜೆ ನಾಲ್ಕೂ ಹತ್ತಕ್ಕೆ ಎಚ್ಚರವಾಯಿತು. ಈ ವಾರ್ಡಿನ ಔಷಧಿ ಗಾಡಿಯ ಒಂದು ಚಕ್ರ ಸರಿಯಿಲ್ಲ. ಅದು ಕುಂಯ್ ಅಂದದ್ದು ಪಾಪು ನರಳಿದ ಹಾಗೇ ಕೇಳಿಸಿ ದಡಕ್ಕನೆ ಎದ್ದೆ. ಪಾಪು ಆರಾಮಾಗಿ ಮಲಗಿದ್ದ. ನಿನ್ನೆ ಬೆಳಗ್ಗೆಯಿಂದ ನಾನು ಕಣ್ಣು ಮುಚ್ಚಿದ್ದು ಅದೊಂದೇ ನಲವತ್ತು ನಿಮಿಷ, ಅದೂ ಸ್ಟೂಲಿನ ಮೇಲೆ ಕೂತು, ಮಂಚದ ಕಂಬಿಗೆ ಹಣೆ ಆನಿಸಿಕೊಂಡು. ಹಣೆಯ ಮೇಲೆ ಕಂಬಿಯ ಗೆರೆ ಮೂಡಿದೆ ಅಂತ ಅಮ್ಮ ಹೆಬ್ಬೆರಳಲ್ಲಿ ಉಜ್ಜುತ್ತಿದ್ದಾಳೆ, ಉಜ್ಜಿದರೆ ಹೋಗುತ್ತೆ ಅನ್ನುವ ಹಾಗೆ.

ಕಾಗದ ತಡವಾಯಿತು, ಕ್ಷಮಿಸು ಅಂತ ಶುರು ಮಾಡಬೇಕು. ನಾಲ್ಕು ವರ್ಷಕ್ಕೆ 'ತಡ' ಅನ್ನುವ ಮಾತು ಸಾಲುವುದಿಲ್ಲ, ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದಕ್ಕೂ ಇನ್ನೊಂದು ದಿನ ಹೋಗಬೇಕು. ನಾಳೆ ಬೆಳಗ್ಗೆ ಏಳಕ್ಕೆ ಪಾಪುವನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಅವನಿಗೀಗ ಐದು ತಿಂಗಳು. ನೀನಿನ್ನೂ ನೋಡಿಲ್ಲ.

ನಿನ್ನ ಹೊಸ ನಂಬರ್ ಕೊಡು ಅಂತ ಅಮ್ಮನನ್ನು ಕೇಳಿದೆ. ಕೊಡಬೇಡ ಅಂತ ನೀನು ಹೇಳಿದ್ದೀಯಂತೆ. ಬೇಕಾದರೆ ಪೋಸ್ಟ್‌ಮ್ಯಾನ್ ಕೆಲಸ ಮಾಡುತ್ತೇನೆ, ಕಳ್ಳತನ ಮಾಡುವುದಿಲ್ಲ ಅಂದಳು. ರಾತ್ರಿ ವಾರ್ಡಿನಲ್ಲಿ ಮಗುವಿನ ಜೊತೆ ಒಬ್ಬರಿಗೇ ಇರಲು ಬಿಡುವುದು, ಹಾಗಾಗಿ ಅವಳು ಏಳರ ಬಸ್ಸಿಗೆ ನಿನ್ನ ಮನೆಗೆ ವಾಪಸ್ಸು ಬರುತ್ತಾಳೆ. ಅಷ್ಟರಲ್ಲಿ ಬರೆದು ಅವಳ ಕೈಗೆ ಕೊಡಬೇಕು. ಹಾಳೆ ನೋಡಿ ಗಾಬರಿಯಾಗಬೇಡ, ಇವರ ಚೀಲದಲ್ಲಿದ್ದ ಪ್ರೂಫ್ ಹಾಳೆಗಳ ಬೆನ್ನಿಗೆ ಬರೆಯುತ್ತಿದ್ದೇನೆ. ಆ ಕಡೆ ಇರುವುದು ಪಂಪ್‌ಸೆಟ್ಟಿನ ಕೈಪಿಡಿ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪಾಪು ನನ್ನ ಕಣ್ಣೆದುರು ಉಸಿರಾಡುತ್ತಾ ಮಲಗಿರುವುದು ನಿನ್ನಿಂದ.

ಅವನು ಹುಟ್ಟಿದಾಗ ಅಮ್ಮನ ಕೈಲಿ ನೀನು ಹೊಲಿದ ಲಂಗೋಟಿಗಳನ್ನು ಕಳಿಸಿದ್ದೆಯಲ್ಲ, ಎರಡು ಡಜನ್, ಒಂದಕ್ಕೂ ಪಿನ್ನು ಬೇಡದ ಹಾಗೆ ಬಟ್ಟೆಯದೇ ಲಾಡಿ ಇಟ್ಟು. ಮೇಲಿನದಕ್ಕೆ ನಿನ್ನ ಅಂಗಡಿಯ ಅಳತೆ ಚೀಟಿಯೊಂದನ್ನು ದಾರದಲ್ಲಿ ಹೊಲಿದಿದ್ದೆ. ಪ್ರೀತಿಯ ತಂಗಿಗೆ ಅಂತ ಇರಲಿಲ್ಲ, ಕೆಳಗೆ ಹೆಸರೂ ಇರಲಿಲ್ಲ. 'ಪ್ರತಿ ಸಲ ಬಟ್ಟೆ ಬದಲಾಯಿಸುವಾಗ ಎರಡೂ ತೊಡೆಸಂದು ಮುಟ್ಟಿ ನೋಡು. ಗಂಟು ಸಿಕ್ಕಿ, ಅದು ಗಟ್ಟಿಯಾಗಿ, ಮಗು ವಾಂತಿ ಮಾಡಿದರೆ ಸಂಜೆಗೆ ನೋಡೋಣ ಅನ್ನಬೇಡ.' ಅಷ್ಟೇ. ಓದಿದಾಗ ನನಗೆ ಸಿಟ್ಟು ಬಂತು ಅಕ್ಕ. ಮಗು ಹುಟ್ಟಿದ ಖುಷಿಯಲ್ಲಿ ಇದೇನು ಅಪಶಕುನ ಅಂದುಕೊಂಡೆ. ಆದರೂ ಚೀಟಿ ಬಿಸಾಡಲಿಲ್ಲ, ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ನಿನ್ನ ಅಕ್ಷರ ಅಂತಲೇ ಇರಬೇಕು.

ನಿನ್ನೆ ಬೆಳಗ್ಗೆ ಒಂಬತ್ತೂವರೆಗೆ ಬಟ್ಟೆ ಬಿಚ್ಚಿದಾಗ ಬಲಗಡೆ ತೊಡೆಸಂದಿನಲ್ಲಿ ಗಂಟು, ಗೋಲಿಯ ಹಾಗೆ ಗಟ್ಟಿ. ಮುಟ್ಟಿದರೆ ಕಿರುಚುತ್ತಿದ್ದ. ಹಾಲು ಕುಡಿಸಿದರೆ ಹಸಿರು ವಾಂತಿ. ಇವರು ಪ್ರೆಸ್ಸಿಗೆ ಹೋಗಿದ್ದರು. ಅತ್ತೆ ಗ್ಯಾಸು ಅಂತ ಹೊಟ್ಟೆಗೆ ಎಣ್ಣೆ ಸವರಲು ಕೂತರು. ನಾನು ಬೀರು ತೆಗೆದು ಚೀಟಿ ಕಿತ್ತು ತಂದು ಗಟ್ಟಿಯಾಗಿ ಓದಿದೆ. ಯಾರು ಬರೆದದ್ದು ಅಂದರು. ನಮ್ಮಕ್ಕ ಅಂದೆ. ಎಣ್ಣೆ ಬಟ್ಟಲು ಅಲ್ಲೇ ಬಿಟ್ಟು ಎದ್ದರು. "ಕಳಕೊಂಡವಳು ಬರೆದಿದ್ದಾಳೆ, ನಡಿ" ಅಂದರು. ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿ, ಬರುತ್ತಿದ್ದ ಟ್ಯಾಕ್ಸಿಗೆ ಎರಡೂ ಕೈ ಅಗಲಿಸಿ ಅಡ್ಡ ನಿಂತರು. ನಿನಗೆ ಗೊತ್ತಲ್ಲ, ಬಾಗಿಲಿಗೆ ಯಾರಾದರೂ ಬಂದರೆ ತಲೆ ಬಾಚಿಕೊಂಡೇ ಹೊರಗೆ ಬರುವ ಹೆಂಗಸು ಅವರು. ಇನ್ನು ಮೇಲೆ ಅವರ ಬಗ್ಗೆ ನಾನು ದೂರು ಹೇಳಿದರೆ ನನ್ನ ಬಾಯಿಗೆ ಬೀಗ ಹಾಕು.

ಇಲ್ಲಿ ನೋಡಿದ ಸರ್ಜನ್ ಕುಳ್ಳಗಿನ ಹೆಂಗಸು. ಮಾತು ಕಡಿಮೆ. ಮೊದಲು ಬಿಸಿನೀರಿನ ನಲ್ಲಿ ಕೆಳಗೆ ಕೈ ಹಿಡಿದು ನಿಂತರು, ಮಗುವಿಗೆ ತಣ್ಣಗಾಗಬಾರದು ಅಂತ. ನಿದ್ದೆಯ ಔಷಧಿ ಕೊಟ್ಟು, ಸೊಂಟದ ಕೆಳಗೆ ದಿಂಬಿಟ್ಟು, ಒಂದು ಕೈಯ ಬೆರಳುಗಳಲ್ಲಿ ಗಂಟಿನ ಬುಡ ಹಿಡಿದು ಇನ್ನೊಂದರಿಂದ ಮೆಲ್ಲಗೆ ಒತ್ತಿದರು. ಒತ್ತುತ್ತಲೇ ಇದ್ದರು. ಏಳೆಂಟು ನಿಮಿಷ ಅವರ ಕೈ ಅಲುಗಲಿಲ್ಲ. ಆಮೇಲೆ ಗುಳುಕ್ ಅಂತ ಒಂದು ಸಣ್ಣ ಸದ್ದು. ಗಂಟು ಇಲ್ಲ. ಕರುಳು ಜಾರಿ ಸಿಕ್ಕಿಹಾಕಿಕೊಂಡಿತ್ತು, ಈಗ ಒಳಗೆ ಹೋಯಿತು, ಬಾವು ಇಳಿದ ಮೇಲೆ ಆ ತೂತು ಹೊಲಿಯುತ್ತೇವೆ ಅಂದರು. ಹೊಲಿಗೆ ಅಂದಾಗ ನೀನೇ ನೆನಪಾದೆ. ಇನ್ನು ಮೂರ್ನಾಲ್ಕು ಗಂಟೆ ಕಳೆದಿದ್ದರೆ ಬೇರೆ ಮಾತಾಡಬೇಕಾಗಿತ್ತು ಅಂತಲೂ ಅಂದರು.

ಈಗ ನಗುವ ವಿಷಯ. ಮಂಚದ ಕಾಲಿಗೆ ನೇತುಹಾಕಿದ ಕೇಸ್ ಶೀಟಿನಲ್ಲಿ 'ಟ್ಯಾಕ್ಸಿಸ್, ಯಶಸ್ವಿ' ಅಂತ ಬರೆದಿತ್ತು. ಇವರು ಪ್ರೆಸ್ಸಿನಿಂದ ಓಡಿ ಬಂದವರು ಅದನ್ನು ನೋಡಿ ಪ್ರೂಫ್ ತಿದ್ದುವ ಮುಖ ಮಾಡಿದರು. ನಾವು ಬಂದದ್ದು ಒಂದೇ ಟ್ಯಾಕ್ಸಿಯಲ್ಲಿ, ಬಹುವಚನ ಯಾಕೆ ಬರೆದಿದ್ದಾರೆ, ಯಶಸ್ವಿ ಅಂತ ಬೇರೆ, ಅಂದರು. ನೆನಪಿದೆಯಾ, ನನ್ನ ಡಿಗ್ರಿ ಪರೀಕ್ಷೆಗೆ ನೀನು ಒಂದು ಕೈಲಿ ಬಟ್ಟೆ ಸರಿಸುತ್ತಾ ಇನ್ನೊಂದರಲ್ಲಿ ನನ್ನ ನೋಟ್ಸು ಹಿಡಿದು ಪಾಠ ಒಪ್ಪಿಸಿಕೊಳ್ಳುತ್ತಿದ್ದಾಗ ನೀನೂ ಇದನ್ನೇ ಕೇಳಿದ್ದೆ. ನಾನು ದೊಡ್ಡ ಮೇಡಮ್ಮಿನ ಹಾಗೆ, ಟ್ಯಾಕ್ಸಿಸ್ ಅಂದರೆ ಜೀವಿ ಪ್ರಚೋದನೆಯ ಕಡೆಗೆ ಚಲಿಸುವುದು, ಅಥವಾ ಅದರಿಂದ ದೂರ ಹೋಗುವುದು ಅಂದಿದ್ದೆ. ನೀನು, ಬರುವುದಕ್ಕೂ ಹೋಗುವುದಕ್ಕೂ ಒಂದೇ ಪದ ಅಂದರೆ ಸಾಲು ನೋಡಿ ಅರ್ಥ ಮಾಡಿಕೋಬೇಕು ಅನ್ನು, ಅಂದಿದ್ದೆ. ನೊಣದ ಮರಿಹುಳು ಬೆಳಕಿನಿಂದ ಓಡುತ್ತೆ, ಹಾತೆ ದೀಪಕ್ಕೆ ಬರುತ್ತೆ. ಗಿಡಕ್ಕೆ ಈ ಪದ ಸಲ್ಲದು, ಅದು ಬುಡ ಬಿಟ್ಟು ಬರಲ್ಲ, ಬಾಗುತ್ತೆ ಅಷ್ಟೇ. ಎಲ್ಲ ನೀನೇ ಒಪ್ಪಿಸಿಕೊಂಡದ್ದು.

ಆ ಜೋರಿನಲ್ಲೇ ನಾನು ಇವರಿಗೂ ಪಕ್ಕದ ಮಂಚದ ತಾಯಿಗೂ ವಿವರಿಸಿದೆ. ಮಗು ಬೆಳಕಿಗೆ, ದನಿಗೆ ತಿರುಗುತ್ತಾ ಅಂತ ಪರೀಕ್ಷೆ ಮಾಡಿದ್ದಾರೆ, ನಮ್ಮ ಪಾಪು ತಿರುಗಿದ್ದಾನೆ, ಅದಕ್ಕೇ ಯಶಸ್ವಿ ಅಂತ. ಆ ತಾಯಿ ಪಾಪ, ತನ್ನ ಮಗುವಿಗೆ ಈ ಪರೀಕ್ಷೆ ಇನ್ನೂ ಮಾಡಿಲ್ಲ ಅಂತ ಹಿರಿಯ ನರ್ಸಿನ ಹತ್ತಿರ ಜಗಳಕ್ಕೆ ಹೋದಳು. ನರ್ಸಮ್ಮ ಸೊಂಟಕ್ಕೆ ಕೈ ಇಟ್ಟುಕೊಂಡು ಬಂದು, ಇಲ್ಲಿ ಪ್ರೊಫೆಸರ್ ಯಾರು ಅಂತ ಕೇಳಿದರು. ಆಸ್ಪತ್ರೆಯಲ್ಲಿ ಟ್ಯಾಕ್ಸಿಸ್ ಅಂದರೆ ಜಾರಿದ್ದನ್ನು ಚಾಕು ಮುಟ್ಟಿಸದೆ ಕೈಯಲ್ಲೇ ಒತ್ತಿ ಅದರ ಜಾಗಕ್ಕೆ ಸೇರಿಸುವುದಂತೆ. ಜೋರು ಮಾಡಿದರೆ ಹರಿದುಹೋಗುತ್ತೆ, ಕೈ ತೆಗೆದರೆ ಮತ್ತೆ ಜಾರುತ್ತೆ, ತಾಳ್ಮೆ ಇದ್ದವರ ಕೆಲಸ ಅದು ಅಂದರು. ಇವರು ಆಗಿನಿಂದ ನನ್ನನ್ನು ಪ್ರೊಫೆಸರೇ ಅಂತಲೇ ಕರೆಯುತ್ತಿದ್ದಾರೆ.

ಮೂರು ವರ್ಷ ಓದಿ ಆ ಪದದ ಒಂದು ಅರ್ಥ ಕಲಿತೆ ಅಕ್ಕ. ಇನ್ನೊಂದು ಇದೆ ಅಂತ ಅನುಮಾನವೂ ಬರಲಿಲ್ಲ.

ಸರ್ಜನ್ನಿಗೆ ಕೈ ಮುಗಿದೆ. ಅವರು, ಬೇಗ ಕರಕೊಂಡು ಬಂದಿರಲ್ಲ, ಅದಕ್ಕೆ ಕೈ ಮುಗಿಯಬೇಕು ಅಂದರು. ಆ ಮಾತು ನಿನಗೆ ಸೇರಬೇಕಾದ್ದು, ಕಳಿಸುತ್ತಿದ್ದೇನೆ. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕತ್ತರಿ ಯಾವಾಗಲೂ ಹರಿತವಾಗಿರಲಿ, ಕಣ್ಣು ಚೆನ್ನಾಗಿರಲಿ. ಪಾಪುವಿಗೆ ಆಶೀರ್ವಾದ ಮಾಡು ಅಂತ ಕೇಳುವುದಿಲ್ಲ, ಹುಟ್ಟಿದ ವಾರವೇ ಮಾಡಿ ಕಳಿಸಿದ್ದೀಯ.

ಇಂತಿ,
ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯದೆ ಮಡಿಸಿಬಿಡೋಣ ಅಂತ ಎರಡು ಸಲ ಹಾಳೆ ಮಡಿಸಿದೆ.

ಯಾಕೆ ಅಕ್ಕ ಮಾತು ಬಿಟ್ಟಳು ಅಂತ ಯಾರು ಕೇಳಿದರೂ ನನಗೇನು ಗೊತ್ತು ಅನ್ನುತ್ತಾ ಬಂದಿದ್ದೇನೆ. ಗೊತ್ತು. ನಿನ್ನ ಮಗು ಹೋದ ಮೂರನೇ ದಿನ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಅಂದೆ, "ಅವಳು ನಾಲ್ಕಕ್ಷರ ಓದಿದ್ದಿದ್ದರೆ ಸಂಜೆವರೆಗೆ ಕಾಯ್ತಿರಲಿಲ್ಲ, ಮಗು ಉಳೀತಿತ್ತು." ತಿರುಗಿದರೆ ಬಾಗಿಲಲ್ಲಿ ನೀನು ನೀರಿನ ಲೋಟ ಹಿಡಿದು ನಿಂತಿದ್ದೆ. ನಾನು ನೋಡಲಿಲ್ಲ ಅನ್ನುವ ಹಾಗೆ ಪಾತ್ರೆ ತೊಳೆಯುವುದಕ್ಕೆ ತಿರುಗಿಕೊಂಡೆ. ನೋಡಿದ್ದೆ ಅಕ್ಕ.

ನಿನ್ನೆ ಆ ಗಂಟು ನನಗೆ ಕಂಡದ್ದು ಒಂಬತ್ತೂವರೆಗಲ್ಲ. ಏಳಕ್ಕೇ ಕಂಡಿತ್ತು. ಆಗ ಮೆತ್ತಗಿತ್ತು. ಪುಸ್ತಕ ತೆಗೆದೆ, ಎಷ್ಟೋ ಮಕ್ಕಳಿಗೆ ತಾನಾಗಿಯೇ ಒಳಗೆ ಹೋಗುತ್ತೆ ಅಂತಿತ್ತು, ಸಂಜೆ ಇವರು ಬರಲಿ, ತೋರಿಸೋಣ ಅಂದುಕೊಂಡೆ. ಓದಿದ್ದರಿಂದಲೇ ಎರಡೂವರೆ ಗಂಟೆ ಸುಮ್ಮನೆ ಕೂತೆ. ಡಾಕ್ಟರಿಗೂ ಮೊದಲು ಸುಳ್ಳು ಹೇಳಿ, ಆಮೇಲೆ ಹೋಗಿ ತಿದ್ದಿ ಬಂದೆ. ಅವರು ಬೈಯಲಿಲ್ಲ. ಎಲ್ಲ ತಾಯಂದಿರೂ ಸ್ವಲ್ಪ ಹೊತ್ತು ಕಾಯುತ್ತಾರೆ ಅಂದರು. ಎಲ್ಲ ತಾಯಂದಿರೂ. ನಾಲ್ಕು ವರ್ಷದ ಹಿಂದೆ ನಾನು ನಿನಗೆ ಹೇಳಬೇಕಾಗಿದ್ದ ಮಾತು ಅದು.

ವಾರ್ಡಿನ ಮೇಜಿನ ಮೇಲೆ ಫೋನಿದೆ, ನಂಬರನ್ನು ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಎಷ್ಟು ಹೊತ್ತಿಗೆ ಬಂದರೂ ಕರೆಯುತ್ತೇನೆ ಅಂತ ನರ್ಸಮ್ಮ ಒಪ್ಪಿದ್ದಾರೆ. ಕ್ಷಮಿಸಿದೆ ಅನ್ನಬೇಕಾಗಿಲ್ಲ. ಬೈಯಿ, ಏನೂ ಮಾತಾಡದೆ ಉಸಿರು ಕೇಳಿಸಿ ಇಟ್ಟುಬಿಡು, ಸಾಕು. ಏಳಕ್ಕೆ ಅವನನ್ನು ನನ್ನ ಕೈಯಿಂದ ತಗೊಂಡು ಹೋಗುತ್ತಾರೆ ಅಕ್ಕ, ಆಗ ನನಗೆ ನಿಲ್ಲುವುದಕ್ಕೆ ಆಗಬೇಕಲ್ಲ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ದಮ್ಮಯ್ಯ ಅಂತೀನಿ, ಮಾಡು.