ಕ್ರೇನಿನ ಮೇಲಿನ ಕುರ್ಚಿ

ಮಾರ್ಚ್ 4, ಸೋಮವಾರ

ಇವತ್ತೂ ಕೆಳಗೇ. ವಾಕಿಟಾಕಿ ಹಿಡಿದು, ಕತ್ತೆತ್ತಿ ಸಿಗ್ನಲ್ ಕೊಡುವ ಕೆಲಸ. ಮೇಲೆ ಟವರ್ ಕ್ರೇನಿನ ಕ್ಯಾಬಿನ್‌ನಲ್ಲಿ, ನನ್ನ ಕುರ್ಚಿಯಲ್ಲಿ, ಹೆಂಡತಿಯ ತಮ್ಮ. ಲಿವರ್ ಹಿಡಿಯುವುದನ್ನು ಕಲಿಸಿದವನು ನಾನು. ಫ್ಲಾಸ್ಕ್ ತುಂಬ ಟೀ ಒಯ್ದವನು ಊಟದ ಹೊತ್ತಿನವರೆಗೂ ಇಳಿಯಲಿಲ್ಲ. ಅದೇನು ಮೂತ್ರಚೀಲವೋ, ನೀರಿನ ಟ್ಯಾಂಕೋ.

ನನಗೆ ಟೀ ವಾಸನೆ ಬಂದರೂ ಅವಸರ. ಅದಕ್ಕೆಂದೇ ಮೇಲೆ ಬಾಟಲಿ ಇಟ್ಟುಕೊಂಡಿದ್ದೆ. ಆದರೆ ಕೊಕ್ಕೆಯಲ್ಲಿ ಕಬ್ಬಿಣ ತೂಗುತ್ತಿರುವಾಗ ಲಿವರ್ ಬಿಡುವುದು ಹೇಗೆ? ಹೋದ ವಾರ ಬಿಡಲಿಲ್ಲ. ಪ್ಯಾಂಟ್ ಒದ್ದೆಯಾಯಿತು. ಸೂಪರ್‌ವೈಸರ್ ಕಣ್ಣಿಗೆ ಬಿತ್ತು. "ಸ್ವಲ್ಪ ದಿನ ಕೆಳಗಿರು" ಅಂದರು.

ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ — "ಪಾಪ, ನಮ್ಮ ತಮ್ಮಂಗೆ ಕೂತೂ ಕೂತೂ ಬೆನ್ನು ನೋವಂತೆ ರೀ." ಪಾಪವಂತೆ.

ಮಾರ್ಚ್ 6

ಡಾಕ್ಟರಮ್ಮನ ಹತ್ತಿರ ಹೋದೆ. ಸೋಂಕಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ.

"ಚೀಲ ತುಂಬೋಕೆ ಮುಂಚೇನೇ ಹಿಂಡ್ಕೊಳ್ಳುತ್ತೆ, ಅಷ್ಟೇ. ದಿನಕ್ಕೊಂದು ಮಾತ್ರೆ ತಗೊಳ್ಳಿ, ಟೀ ಕಮ್ಮಿ ಮಾಡಿ. ಗುಣ ಕಾಣೋಕೆ ಕೆಲವು ವಾರ ಬೇಕು. ಬಾಯಿ ಒಣಗಬಹುದು. ಕಣ್ಣು ಮಂಜಾದ್ರೆ ಮಾತ್ರ ಗಾಡಿ, ಮಿಷನ್ ಮುಟ್ಟಬೇಡಿ, ಬಂದು ಹೇಳಿ. ಏನು ಕೆಲಸ ನಿಮ್ಮದು?"

"ಕಟ್ಟಡದ ಕೆಲಸ" ಅಂದೆ. ಕ್ರೇನ್ ಅಂದರೆ ಮಾತ್ರೆಯನ್ನೇ ಕೊಡದಿದ್ದರೆ?

ಮಾರ್ಚ್ 29

ಸಿನಿಮಾ ಪೂರ್ತಿ ನೋಡಿದೆ. ನಡುವೆ ಏಳಲಿಲ್ಲ. ನಾಲಿಗೆ ಮಾತ್ರ ಮರದ ಚಕ್ಕೆ... ಇರಲಿ. ಸೂಪರ್‌ವೈಸರ್ ಒಪ್ಪಿದರು. ಸೋಮವಾರದಿಂದ ಮೇಲೆ. ಸುದ್ದಿ ಕೇಳಿ ಭಾಮೈದನ ಮುಖ ಸಣ್ಣದಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಏಪ್ರಿಲ್ 1

ಮೇಲೆ. ಅವನ ಕಾಲುದ್ದ, ಕುರ್ಚಿಯನ್ನು ಹಿಂದಕ್ಕೆ ತಳ್ಳಿಟ್ಟಿದ್ದ. ಮುಂದಕ್ಕೆ ಎಳೆದುಕೊಂಡೆ. ಊಟದವರೆಗೂ ಇಳಿಯಲಿಲ್ಲ. ಕೆಳಗಿಂದ ಅವನ ದನಿ: "ನಿಧಾನ ಭಾವ, ಸ್ವಲ್ಪ ಎಡಕ್ಕೆ." ಈಗ ಅವನ ಕತ್ತು ನೋಯಲಿ.

ಏಪ್ರಿಲ್ 3

ಪೇಪರಿನ ಅಕ್ಷರ ಕಲಸಿಕೊಂಡಂತಿದೆ. ಕನ್ನಡಕ ಬೇಕೇನೋ. ಯಾರಿಗೂ ಹೇಳಿಲ್ಲ.

ಏಪ್ರಿಲ್ 5

ಕಬ್ಬಿಣದ ಕಟ್ಟು ಇಳಿಸುತ್ತಿದ್ದೆ. ಕೆಳಗೆ ಅವನ ಹಳದಿ ಹೆಲ್ಮೆಟ್ ಮರಳಿನ ರಾಶಿಯಲ್ಲಿ ಕರಗಿಹೋಯಿತು. ಕಣ್ಣುಜ್ಜಿದೆ. ಮರಳು ಎಲ್ಲಿ ಮುಗಿಯಿತು, ಅವನು ಎಲ್ಲಿ ನಿಂತಿದ್ದಾನೆ — ತಿಳಿಯಲಿಲ್ಲ. ಲೋಡ್ ನಿಲ್ಲಿಸಿದೆ.

"ಯಾಕೆ ಭಾವ?"

ವಾಕಿಟಾಕಿ ಬಾಯಿಗೆ ಹಿಡಿದೆ.

"ಎಲ್ಲರನ್ನೂ ದೂರ ಕಳಿಸು. ನೀನೂ ಸರಿ ಅಲ್ಲಿಂದ. ಆಮೇಲೆ ಮೇಲೆ ಬಾ. ನನಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ."

ಬಂದ. ಏದುಸಿರು. ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡು ಕೂತ. ಹೂವು ಇಟ್ಟಂತೆ ಇಳಿಸಿದ. ಆಗಲೂ ಹೊಟ್ಟೆ ಉರಿಯಿತು. ಬರೆಯದಿದ್ದರೆ ಸುಳ್ಳಾಗುತ್ತದೆ.

ಏಪ್ರಿಲ್ 6

ಡಾಕ್ಟರಮ್ಮನಿಗೆ ಕ್ರೇನಿನ ವಿಷಯ ಹೇಳಿದೆ. ಬೈದರು. ಬೇರೆ ಮಾತ್ರೆ ಬರೆದರು. ಕಣ್ಣು ತಿಳಿಯಾಗುವವರೆಗೆ ಹತ್ತಬಾರದಂತೆ.

ಇನ್ನು ಕುರ್ಚಿ ಹೋದಂತೆಯೇ ಅಂದುಕೊಂಡು ಸೈಟಿಗೆ ಹೋದರೆ, ಭಾಮೈದ ಆಗಲೇ ಸೂಪರ್‌ವೈಸರ್ ಮುಂದೆ ನಿಂತಿದ್ದಾನೆ. "ಭಾವನ ಕಣ್ಣಿಗೆ ಸಿಮೆಂಟ್ ಧೂಳು ಬಿದ್ದಿದೆ ಸಾರ್. ವಾಸಿ ಆಗೋವರೆಗೆ ನಾನು ನೋಡ್ಕೋತೀನಿ. ಆಮೇಲೆ ಅವರೇ ಹತ್ತಲಿ." ಅವರು ನಂಬಿಬಿಟ್ಟರು.

ಹೆಂಡತಿಗೆ ಹೇಳಬಾರದು. ಹಿಗ್ಗಿ ಹೀರೇಕಾಯಿಯಾಗುತ್ತಾಳೆ. ಸುಳ್ಳು ಹೇಳುವುದರಲ್ಲೂ ಆ ಬಡ್ಡಿಮಗ ನನಗಿಂತ —