ಐವತ್ತೆರಡು ನಿಮಿಷ ಮತ್ತು ಒಂದು ಕಣಜ

ರಾಜ್ಯ ಕುದುರೆ ಪಂದ್ಯ ಆಯೋಗದ ಅಧ್ಯಕ್ಷರಿಗೆ,

ಮಾನ್ಯರೇ,

ಬ್ರೆಡ್ಡನ್ ಮೈದಾನಕ್ಕೆ ಮುಂದಿನ ಬೇಸಿಗೆಯಲ್ಲಿ ಒಂದು ದಿನದ ಪಂದ್ಯವನ್ನೂ ಕೊಡಬಾರದೆಂದು ನಿಮ್ಮ ಸಮಿತಿ ಮಂಗಳವಾರ ಶಿಫಾರಸು ಮಾಡಿದೆ. ನಮ್ಮ ಕೌಂಟಿಯ ವಾರಪತ್ರಿಕೆ ಗುರುವಾರ ಅದನ್ನು ಮೊದಲ ಪುಟದಲ್ಲಿ, ಗೋಧಿ ದರದ ಕೆಳಗೆ ಪ್ರಕಟಿಸಿತು. ಕೊಟ್ಟ ಕಾರಣ ಒಂದೇ: ಆಗಸ್ಟ್ ಹದಿನೇಳರಂದು ಮೈದಾನದಲ್ಲಿ ಆಂಬುಲೆನ್ಸ್ ಇಲ್ಲದೆ ಐದನೇ ಓಟ ಐವತ್ತೆರಡು ನಿಮಿಷ ತಡವಾಯಿತು, ಇದು "ಆಡಳಿತ ಮಂಡಳಿಯ ಅಸಮರ್ಥತೆ". ಆ ಆಂಬುಲೆನ್ಸ್ ಎಲ್ಲಿಗೆ ಹೋಗಿತ್ತು ಎಂಬುದು ಮಾತ್ರ ಹನ್ನೊಂದು ಪುಟಗಳ ವರದಿಯಲ್ಲಿ ಎಲ್ಲೂ ಇಲ್ಲ. ಮರೆತಿರಬಹುದು. ನೆನಪಿಸುತ್ತೇನೆ.

ಮೂವತ್ತೊಂದು ವರ್ಷದಿಂದ ಇಲ್ಲಿ ಓಟದ ಮೊದಲೂ ನಂತರವೂ ಜಾಕಿಗಳನ್ನು ತೂಗುವವಳು ನಾನು. ನನ್ನ ತೂಕದ ಯಂತ್ರದಿಂದ ಹತ್ತು ಹೆಜ್ಜೆಯಾಚೆ ಆಂಬುಲೆನ್ಸ್ ನಿಲ್ಲುತ್ತದೆ. ಐದನೇ ಓಟ ಇನ್ನೇನು ಶುರುವಾಗಬೇಕು, 3.41ಕ್ಕೆ, ನೀವು ಕೆಳತುಟಿ ಹಿಡಿದುಕೊಂಡು ಬಂದಿರಿ. ನಿಂಬೆ ಪಾನಕದ ಲೋಟದಲ್ಲಿದ್ದ ಕಣಜದ ಹುಳು ಕಚ್ಚಿತ್ತು.

ಆಂಬುಲೆನ್ಸಿನ ಡ್ವೈಟ್ ಪರೀಕ್ಷಿಸಿ ಹೇಳಿದ: "ಸರ್, ಉಸಿರಾಟ ಚೆನ್ನಾಗಿದೆ. ಐಸ್ ಇಟ್ಕೊಳ್ಳಿ, ಅರ್ಧ ಗಂಟೇಲಿ ಇಳಿಯತ್ತೆ. ನಾವು ಹೊರಟ್ರೆ ರೇಸ್ ನಿಂತ್ಹೋಗತ್ತೆ."

"ನಿಲ್ಲಲಿ ಬಿಡ್ರೀ," ಎಂದಿರಿ ನೀವು. "ಪರ್ಮಿಷನ್ ಕೊಡಬೇಕಾದವನು ನಾನೇ ತಾನೇ? ಕೊಟ್ಟಿದ್ದೀನಿ."

ಹದಿನಾಲ್ಕು ಮೈಲಿ ದೂರದ ಆಸ್ಪತ್ರೆಯವರು ಏನು ಚಿಕಿತ್ಸೆ ಕೊಟ್ಟರೋ ನಾನರಿಯೆ. 4.33ಕ್ಕೆ ಆಂಬುಲೆನ್ಸಿನಿಂದ ಇಳಿದಾಗ ನಿಮ್ಮ ಕೈಯಲ್ಲಿ ಐಸಿನ ಚೀಲವಿತ್ತು.

ಆ ಹೊತ್ತಿನಲ್ಲಿ ಮಾರ್ವೆಲ್ ಟ್ವೈಟ್, ಅರವತ್ತಮೂರು ವರ್ಷದ ತರಬೇತುದಾರ್ತಿ, ಈ ಒಂದು ಓಟಕ್ಕಾಗಿ ಬೇಸಿಗೆಯಿಡೀ ಸಿದ್ಧಪಡಿಸಿದ್ದ ಹೆಣ್ಣು ಕುದುರೆಯನ್ನು ಬಿಸಿಲಲ್ಲಿ ಸುತ್ತು ಹಾಕಿಸುತ್ತಿದ್ದರು. ಗ್ಯಾಲರಿಯಿಂದ ಒಬ್ಬ ಕೂಗಿದ: "ಓಡಿಸ್ರೀ! ಯಾರಾದ್ರೂ ಬಿದ್ರೆ ನನ್ನ ಪಿಕಪ್ಪಲ್ಲಿ ಹಾಕ್ಕೊಂಡು ಹೋಗ್ತೀನಿ."

"ನಿನ್ನ ಪಿಕಪ್ಪಿಗೆ ಕುರೀನೂ ಹತ್ತಲ್ಲ, ಸುಮ್ನೆ ಕೂತ್ಕೊಳ್ಳಪ್ಪಾ," ಎಂದರು ಮಾರ್ವೆಲ್. ಕೊನೆಗೆ ಕುದುರೆಯ ಹಿಂಗಾಲಿನ ಸ್ನಾಯು ಬಿಗಿದು, ಪಶುವೈದ್ಯರು ಅದನ್ನು ಓಟದಿಂದ ತೆಗೆದರು. ಮಾರ್ವೆಲ್ ಅದನ್ನು ಲಾಯಕ್ಕೆ ನಡೆಸಿಕೊಂಡು ಹೋದರು.

ಆದರೂ ನಾವು ಕಾದೆವು, ಏಕೆಂದರೆ ಆಂಬುಲೆನ್ಸ್ ಇಲ್ಲದೆ ಓಟ ನಡೆಸಿದರೆ ಏನಾಗುತ್ತದೆಂದು ಈ ಊರಿಗೆ ಗೊತ್ತು. 1996ರಲ್ಲಿ ಲೈಫ್ ಎಂಬ ಹೆಸರಿನ, ಜಾಕಿಯಾಗಿದ್ದ ನನ್ನ ತಮ್ಮ ಇದೇ ಮೈದಾನದ ತಿರುವಿನಲ್ಲಿ ಬಿದ್ದು ಆಂಬುಲೆನ್ಸಿಗಾಗಿ ನಲವತ್ತು ನಿಮಿಷ ಮಣ್ಣಲ್ಲೇ ಮಲಗಿದ್ದ. ಇಂದಿಗೂ ಗಾಲಿಕುರ್ಚಿಯಲ್ಲಿದ್ದಾನೆ. ನೀವು ಈಗ ನಮ್ಮ ಮೇಲೆ ಬೀಸುತ್ತಿರುವ, ಆಂಬುಲೆನ್ಸ್ ಇಲ್ಲದೆ ಓಟವಿಲ್ಲ ಎಂಬ ನಿಯಮಕ್ಕಾಗಿ ಮನೆಮನೆ ತಿರುಗಿ ಸಹಿ ಸಂಗ್ರಹಿಸಿದವಳು ನಾನು. ಆಗಸ್ಟ್ ಹದಿನೇಳರಂದು ನಾವು ಓಟ ನಡೆಸಿದ್ದರೆ ನಿಯಮ ಮುರಿದೆವೆಂದು ಮುಚ್ಚಿಸುತ್ತಿದ್ದಿರಿ. ನಡೆಸಲಿಲ್ಲ, ತಡವಾಯಿತೆಂದು ಮುಚ್ಚಿಸುತ್ತಿದ್ದೀರಿ. ನಾವು ಮಾಡಬೇಕಾಗಿದ್ದೇನು, ಕಣಜಕ್ಕೆ ಪಾಸ್ ಕೊಡದೆ ಗೇಟಿನಲ್ಲೇ ತಡೆಯಬೇಕಿತ್ತೇ?

ನಾನು ಕೆಲಸಕ್ಕೆ ಸೇರಿದಾಗ ರಾಜ್ಯದಲ್ಲಿ ಆರು ಮೈದಾನಗಳಿದ್ದವು. ಒಂದು ಬೇಲಿ ಸರಿಯಿಲ್ಲವೆಂದು ಹೋಯಿತು, ಇನ್ನೊಂದು ಶೌಚಾಲಯ ಸಾಲದೆಂದು. ಉಳಿದಿರುವುದು ಎರಡು. ನಮ್ಮದೂ ಹೋದರೆ ಜೂಜಿನ ಯಂತ್ರಗಳ ಪಕ್ಕದಲ್ಲಿರುವ ರಾಜಧಾನಿಯ ಮೈದಾನವೊಂದೇ. "ಮುನ್ನೂರ ನಲ್ವತ್ತು ಮೈಲಿ ಕುದುರೆ ಸಾಗಿಸೋ ವಯಸ್ಸೇನೇ ನಂದು?" ಎಂದು ಮಾರ್ವೆಲ್ ನನ್ನನ್ನು ಕೇಳಿದರು. ಇಲ್ಲಿ ಪಂದ್ಯದ ದಿನಗಳು ಸಿಗದಿದ್ದರೆ ಏಳು ಕುದುರೆಗಳನ್ನೂ ಮಾರುತ್ತಾರೆ. ಇಲ್ಲಿ ಕೊಳ್ಳುವವರು ಯಾರು?

ಆದ್ದರಿಂದ ಶಿಫಾರಸನ್ನು ಹಿಂತೆಗೆದುಕೊಳ್ಳಿ. ಆಂಬುಲೆನ್ಸಿನಲ್ಲಿ ಹೋದವರು ಯಾರೆಂದು ವರದಿಯಲ್ಲಿ ನೀವೇ ಬರೆದು ಸಹಿ ಮಾಡಿ. ಇನ್ನೊಂದು ಮಾತು. ಜುಲೈನಲ್ಲಿ ಕೊರಿನ್ ಎಂಬ ಜಾಕಿ ಓಟವನ್ನು ನಾಲ್ಕು ನಿಮಿಷ ತಡಮಾಡಿದಳೆಂದು ನೀವು ಅವಳನ್ನು ಒಂದು ವರ್ಷ ಎಲ್ಲ ಮೈದಾನಗಳಿಂದ ಹೊರಗಿಟ್ಟಿರಿ. ಅದೇ ದರದಲ್ಲಿ ಐವತ್ತೆರಡು ನಿಮಿಷಕ್ಕೆ ನಿಮಗೆ ಹದಿಮೂರು ವರ್ಷ. ರಿಯಾಯಿತಿ ಕೇಳಬೇಡಿ, ತೂಕದ ವಿಷಯದಲ್ಲಿ ನಾನು ಯಾರಿಗೂ ಕೊಟ್ಟವಳಲ್ಲ.

ಇಂತಿ,
ಬರ್ನಿಸ್ ಓಲ್‌ಸ್ಟಾಡ್,
ಸದ್ಯ ತೂಗಲು ಯಾರೂ ಇಲ್ಲದವಳು

ಆಯೋಗದ ಅಂತಿಮ ಮತದಾನ ನವೆಂಬರ್ ಹದಿನಾಲ್ಕು, ಬೆಳಿಗ್ಗೆ ಹತ್ತಕ್ಕೆ. ಸಾರ್ವಜನಿಕರಿಗೆ ಮಾತನಾಡಲು ತಲಾ ಮೂರು ನಿಮಿಷ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ಡ್ವೈಟ್‌ನದು.