ಕಿಟಕಿ ತೆರೆಯದ ಹಸಿರು ಕಟ್ಟಡ

ಕಟ್ಟಡಗಳ ನಕ್ಷೆಗೆ ಮಂಜೂರಾತಿ ಕೊಡುವ ಮಾನ್ಯ ಅಧಿಕಾರಿಗಳೇ,

ನೀವು ‘ಹಸಿರು’ ಎಂದು ಒಪ್ಪಿ ಸಹಿ ಹಾಕಿದ ಕಟ್ಟಡದಲ್ಲಿ ನನ್ನ ಹತ್ತು ತಿಂಗಳ ಮಗಳಿಗೆ ಗಾಳಿಯಿಲ್ಲ. ಹಗಲು ಅವಳು ಮಲಗುವುದು ರಸ್ತೆಯಾಚೆಯ ಹಳೆಯ ಚಾಳಿನ, ಅಂದರೆ ಸಾಲುಮನೆಗಳ ವಠಾರದ, ತೆರೆದ ಗ್ಯಾಲರಿಯಲ್ಲಿ. ಆ ಚಾಳನ್ನು ಕೆಡವಿ ನಮ್ಮದರಂಥದೇ ಇನ್ನೊಂದನ್ನು ಎಬ್ಬಿಸುವ ಕಡತ ಈಗ ನಿಮ್ಮ ಮೇಜಿಗೆ ಬಂದಿದೆಯಂತೆ. ನನ್ನ ದೂರು ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ, ಮರಾಠಿಯಲ್ಲಿ ಬರೆಸಿ ಕಳಿಸಿದೆ. ಹೇಗೂ ನೀವು ಓದುವುದಿಲ್ಲವೆಂದಾದರೆ, ನನ್ನ ಭಾಷೆಯಲ್ಲಿ ಬರೆದದ್ದನ್ನೇ ಓದದೆ ಇರಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ನಿಮ್ಮ ಹಸಿರನ್ನು ನಿಮಗೆ ಪರಿಚಯಿಸುತ್ತೇನೆ, ಕಾಗದದ ಮೇಲಷ್ಟೇ ನೋಡಿರುತ್ತೀರಿ. ಮುಲುಂಡಿನಲ್ಲಿ ಗುಡ್ಡಕ್ಕೆ ಮುಖಮಾಡಿ ನಿಂತಿರುವ ಈ ಟವರಿನ ಪ್ರತಿ ಮನೆಗೂ ನೆಲದಿಂದ ಸೂರಿನವರೆಗೆ ಗಾಜು. ಗುಡ್ಡ ಕಾಣುತ್ತದೆ, ಗುಡ್ಡದ ಗಾಳಿ ಬರುವುದಿಲ್ಲ. ಆ ಗಾಜು ತೆರೆಯುವುದಿಲ್ಲ. ತೆರೆಯುವ ಕಿಟಕಿ ಇನ್ನೊಂದಿದೆ, ಅಂಗೈ ಅಗಲದಷ್ಟು. ಅದರಾಚೆ ಇರುವುದು ಎಲ್ಲ ಅಂತಸ್ತುಗಳ ಏಸಿಗಳು ಬಿಸಿಯುಸಿರು ಬಿಡುವ ಕಿರಿದಾದ ಸಂದು. ಏಸಿ ಹಾಕದಿದ್ದರೆ ನೆರೆಯವರ ಶಾಖದಲ್ಲಿ ನಾವು ಬೇಯಬೇಕು, ಹಾಕಿದರೆ ಮೇಲಿನ ಮನೆಯವರನ್ನು ಬೇಯಿಸಬೇಕು. ಇದರ ಹೆಸರು ಇಂಗಾಲ ತಗ್ಗಿಸುವ ವಿನ್ಯಾಸ! ಟೆರೇಸಿನ ಮೇಲೆ ಸೋಲಾರ್ ಇದೆ, ಸುಳ್ಳು ಹೇಳಬಾರದು. ಅದು ಲಾಬಿಯ ಕಾರಂಜಿಯನ್ನು ಚಿಮ್ಮಿಸುತ್ತದೆ. ಬಟ್ಟೆಯನ್ನು ಮಾತ್ರ ಬಿಸಿಲಿಗೆ ಒಣಹಾಕುವಂತಿಲ್ಲ, ಕಟ್ಟಡದ ಅಂದ ಕೆಡುತ್ತದೆ. ಹಾಗಾಗಿ ಮಗುವಿನ ಲಂಗೋಟಿಗಳನ್ನು ಕರೆಂಟಿನ ಯಂತ್ರದಲ್ಲಿ ಒಣಗಿಸುತ್ತೇನೆ. ಇದೇ ಜಾಗದಲ್ಲಿದ್ದು, ಇದಕ್ಕಾಗಿ ಬಿಲ್ಡರ್ ಕೆಡವಿದ ನಮ್ಮ ಹಳೆಯ ಕಟ್ಟಡದಲ್ಲಿ ಕಿಟಕಿಯಾಚೆ ಹಗ್ಗ ಕಟ್ಟಿದ್ದೆವು, ಎದುರು ಬದುರು ಕಿಟಕಿಗಳಿದ್ದವು, ಫ್ಯಾನನ್ನೇ ಆರಿಸಿಡುತ್ತಿದ್ದೆವು. ಆಗ ಯಾರೂ ನಮ್ಮನ್ನು ಹಸಿರು ಎಂದು ಹೊಗಳಲಿಲ್ಲ. ಅಂಗಳದ ಬೇವು ಮತ್ತು ನೇರಳೆಯನ್ನು ‘ಸ್ಥಳಾಂತರ’ ಮಾಡಲಾಗಿದೆ. ಪಾರ್ಕಿಂಗಿನ ಮೇಲಿನ ತೋಟದಲ್ಲಿ ಅವು ಈಗಲೂ ನಿಂತಿವೆ, ಕೊರಳಿಗೆ ಹೆಸರಿನ ಫಲಕ ಕಟ್ಟಿಕೊಂಡು, ಒಂದೂ ಎಲೆಯಿಲ್ಲದೆ. ನಿಮ್ಮ ಲೆಕ್ಕದಲ್ಲಿ ಜೀವಂತವಾಗಿಯೇ ಇರಬೇಕು.

ನೀವೇ ಕೇಳಿ ಪಡೆದ ಮನೆಯಲ್ಲವೇ ಎನ್ನುತ್ತೀರಿ. ಹೌದು. ನಮ್ಮ ಅತ್ತೆ ಬಸಲಿಂಗವ್ವ ವಿಜಯಪುರದಿಂದ ಮದುವೆಯಾಗಿ ಬಂದಾಗಿನಿಂದ ಮೂರನೇ ಮಹಡಿ ಹತ್ತಿ ಇಳಿದು ಮೊಣಕಾಲು ಸವೆಸಿಕೊಂಡವರು. ಬಿಲ್ಡರ್ ಕರೆದ ಸಭೆಯಲ್ಲಿ ಅವರು ಕೇಳಿದ್ದು ಒಂದೇ ಮಾತು: “ಲಿಫ್ಟ್ ಇರ್ತೈತೇನ್ರಿ?” ಲಿಫ್ಟ್ ಬಂತು. ಕಿಟಕಿ ತೆರೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮನೆಗೆ ಬಾಗಿಲು ಇರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ? ಹೊಸ ಮನೆಗೆ ಬಂದ ದಿನ ಅತ್ತೆ ಗಾಜನ್ನು ಮೇಲಿಂದ ಕೆಳಗೆ ಸವರಿ ನೋಡಿದರು.

“ಏ ಮಾಧುರಿ, ಈ ಕಿಡಕಿ ಎಲ್ಲಿ ಹಿಡದ ತೆಗೀಬೇಕವಾ?”

“ತೆಗ್ಯಾಕ ಬರೂದಿಲ್ರಿ ಅತ್ತಿ.”

“ಹಂಗಾರ ಇದಕ ಕಿಡಕಿ ಅಂತ ಯಾಕ ಅಂತಾರ? ಟೀವಿ ಅನ್ನಬೇಕಿತ್ತ.”

ಕಳೆದ ತಿಂಗಳು ಒಂದು ಮಧ್ಯಾಹ್ನ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಯಿತು. ನಮ್ಮ ಜನರೇಟರ್ ಲಿಫ್ಟು, ಲಾಬಿ, ಕಾರಂಜಿಗಳನ್ನು ನಡೆಸುತ್ತದೆ, ಮನೆಗಳನ್ನಲ್ಲ. ಗಾಜಿನೊಳಗೆ ಬಿಸಿಲು ತುಂಬಿ ಕೋಣೆ ಭಟ್ಟಿಯಾಯಿತು. ಬೆಳಗಿನಿಂದಲೇ ಮಗಳು ಯಕ್ಷಿತಾಳಿಗೆ ಸ್ವಲ್ಪ ಮೈ ಬೆಚ್ಚಗಿತ್ತು. ಆಗ ಅತ್ತೆ ಒಂದು ಉಪಾಯ ಕಂಡುಕೊಂಡರು: ಲಿಫ್ಟಿನಲ್ಲಿ ಫ್ಯಾನಿದೆ! ಪ್ಲಾಸ್ಟಿಕ್ ಸ್ಟೂಲು ಒಯ್ದು ಲಿಫ್ಟಿನ ಮೂಲೆಗೆ ಹಾಕಿ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೇಲೆ ಕೆಳಗೆ ಓಡಾಡತೊಡಗಿದರು. ನಾನು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ನಡುವೆ ಹತ್ತಿದ ನಮ್ಮ ಕಟ್ಟಡದ ಸೊಸೈಟಿಯ ಸೆಕ್ರೆಟರಿ, “ಆಜಿ, ಲಿಫ್ಟ್ ಕ್ಯಾ ಝೂಲಾ ಹೈ?” ಎಂದು, ಲಿಫ್ಟೇನು ಜೋಕಾಲಿಯೇ ಎಂಬಂತೆ ಕೇಳಿದರು. ಗಾಳಿ ಇರುವುದೇ ಇಲ್ಲಿ ಎನ್ನಲು ಅತ್ತೆ ತಮ್ಮ ಹಿಂದಿ ತೆಗೆದರು: “ಹವಾ ಇದರೀಚ ಹೈರಿ ಭಾವು. ತುಮಾರಾ ಬಿಲ್ಡಿಂಗ್ ಮೇ ಔರ್ ಕಿದರ್ ಹೈ, ತೋರ್ಸರಿ?” ಲಿಫ್ಟಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗೆ ಮುಗಿಯುವ ಮೊದಲೇ ಮಗುವಿನ ಕಣ್ಣು ಮೇಲಾಯಿತು, ಕೈಕಾಲು ಸೆಟೆದುಕೊಂಡವು.

ಆಸ್ಪತ್ರೆಗೆ ರಿಕ್ಷಾದಲ್ಲಿ ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ. ದಾದರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಚೇತನ ಲೋಕಲ್ ರೈಲು ಹಿಡಿದು ಓಡಿಬಂದಾಗ ಮಗು ಕಣ್ಣು ಬಿಟ್ಟಿತ್ತು. ಡಾಕ್ಟರು ಪ್ರಾಮಾಣಿಕರು. ಇದು ಜ್ವರಕ್ಕೆ ಬರುವ ಸೆಳವು, ಈ ವಯಸ್ಸಿನ ಮಕ್ಕಳಿಗೆ ಬರುತ್ತದೆ, ಕೋಣೆಯ ಶಾಖದಿಂದಲೇ ಬಂತೆಂದು ಹೇಳಲಾರೆ ಎಂದರು. ಆದರೆ ಅಂಥ ಕೋಣೆಯಲ್ಲಿ ಮಲಗಿಸಬೇಡಿ, ಇಡೀ ದಿನ ಏಸಿಯೂ ಬೇಡ, ಗಾಳಿಯಾಡುವ ಜಾಗದಲ್ಲಿಡಿ ಎಂದರು. ಆಮೇಲೆ ನಾನು ನಿದ್ದೆ ಮಾಡಿಲ್ಲ. ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಕೂರುವುದನ್ನು ನಿದ್ದೆ ಎನ್ನುವುದಾದರೆ ಮಾಡಿದ್ದೇನೆ.

ಮಗುವಿನ ಕೋಣೆಯ ಗಾಜಿನಲ್ಲಿ ತೆರೆಯುವ ಕಿಟಕಿಯೊಂದನ್ನು ಕೂರಿಸಿಕೊಳ್ಳಲು ಅನುಮತಿ ಕೇಳಿದೆ. ಸೆಕ್ರೆಟರಿ ಕೆಟ್ಟವರಲ್ಲ. “ಭಾಭೀಜಿ, ಫೈವ್ ಸ್ಟಾರ್ ಏಸಿ ಲೇ ಲೋ ನಾ, ವೋ ಭೀ ಗ್ರೀನ್ ಹೈ” ಎಂದು, ಅಂಥ ಏಸಿ ಕೊಂಡರೆ ಅದೂ ಹಸಿರೇ ಎಂಬ ಸಮಾಧಾನ ಹೇಳಿದರು. ಗಾಜು ಮುಟ್ಟಿದರೆ ಹಸಿರು ಪ್ರಮಾಣಪತ್ರ ರದ್ದಾಗುತ್ತದಂತೆ. ನಿಮ್ಮ ಕಚೇರಿಗೆ ಬಂದರೆ, ಮಂಜೂರಾದ ನಕ್ಷೆಯಲ್ಲಿ ಗಾಳಿಯ ವ್ಯವಸ್ಥೆ ಯಂತ್ರದ ಮೂಲಕ ಎಂದಿದೆ ಅಂದರು. ಯಂತ್ರ ಎಲ್ಲಿದೆ ಎಂದೆ. ಅದನ್ನು ವಾಸಿಸುವವರು ಹಾಕಿಸಿಕೊಳ್ಳಬೇಕು ಎಂದರು. ನಾನು ಘಾಟ್ಕೋಪರಿನ ಕಾಲೇಜಿನಲ್ಲಿ ಪರಿಸರ ವಿಜ್ಞಾನ ಓದಿದವಳು. ನಿಸರ್ಗದೊಂದಿಗೆ ಹೊಂದಿಕೊಂಡ ವಸತಿ ಹೇಗಿರಬೇಕು ಎಂಬ ಪ್ರಶ್ನೆಗೆ ನೆರಳು, ಅಂಗಳ, ಗಾಳಿಯ ದಾರಿ ಎಂದು ಬರೆದು ಅಂಕ ಪಡೆದವಳು. ನಿಮ್ಮ ಕಚೇರಿಯ ಮೆಟ್ಟಿಲಿಳಿಯುವಾಗ ಆ ಅಂಕಗಳನ್ನು ಯಾರಿಗೆ ವಾಪಸು ಕೊಡಲಿ ಎನ್ನಿಸಿತು.

ಈಗ ಆ ಚಾಳಿನ ವಿಷಯ. ಎರಡಂತಸ್ತು, ಉದ್ದಕ್ಕೂ ಒಂದೇ ಗ್ಯಾಲರಿ, ಮುಂದೊಂದು ಹಲಸಿನ ಮರ. ಅಲ್ಲಿಯ ಸೋಮವ್ವ ಕಾಕಿ ಬೆಳಗಾವಿಯವರು, ಅತ್ತೆಯ ಗೆಳತಿ. ತಮ್ಮ ಬಾಗಿಲ ಮುಂದಿನ ತೊಲೆಗೆ ಸೀರೆಯ ಜೋಳಿಗೆ ಕಟ್ಟಿಕೊಟ್ಟಿದ್ದಾರೆ. ಯಕ್ಷಿತಾ ಅದರೊಳಗೆ ಹೋದೊಡನೆ ನಿದ್ದೆ ಹೋಗುತ್ತಾಳೆ. ಈ ಊರಿನಲ್ಲಿ ನನ್ನ ಮಗಳು ಬೆವರದೆ, ಬೆಚ್ಚದೆ ಮಲಗುವ ಜಾಗ ಅದೊಂದೇ. ಇದನ್ನು ಉಳಿಸಿಕೊಡಿ ಎಂದು ನಿಮ್ಮ ಮುಂದೆ ಜೋರಾಗಿ ಕೂಗುವ ಉತ್ಸಾಹದಲ್ಲಿದ್ದೆ. ಒಂದು ದಿನ ಕಾಕಿಯ ಮುಂದೆಯೇ, ಚಾಳು ಕೆಡವಲು ಒಪ್ಪಿಗೆ ಕೊಡಬೇಡಿರಿ, ಈ ಗಾಳಿ ಮತ್ತೆ ಸಿಗುವುದಿಲ್ಲ ಎಂದುಬಿಟ್ಟೆ. ಕಾಕಿ ಜೋಳಿಗೆ ತೂಗುತ್ತಲೇ ಹೇಳಿದರು:

“ನಿಮಗ ಲಿಫ್ಟ್ ಬಂತು, ಸಂಡಾಸ ಮನಿಯೊಳಗ ಬಂತು. ನಾನು ಈ ವಯಸ್ಸಿನಾಗೂ ಡಬ್ಬಿ ಹಿಡಕೊಂಡು ಸಂಡಾಸದ ಮುಂದ ಪಾಳಿ ಹಚ್ಚತೀನಿ. ಮಳಿಗಾಲದಾಗ ಮಾಳಗಿ ಸೋರತೈತಿ. ನಿನ್ನ ಕೂಸಿನ ಗಾಳೀ ಸಲುವಾಗಿ ನಾ ಹಿಂಗ ಇರಲೇನವಾ?”

ಆ ಪ್ರಶ್ನೆಯನ್ನು ನಿಮಗೇ ದಾಟಿಸುತ್ತೇನೆ. ಉತ್ತರ ನಿಮ್ಮ ಬಳಿ ಇರಬೇಕಿತ್ತು. ಒಳಗೊಂದು ಸಂಡಾಸ, ಹೊರಗೊಂದು ಗ್ಯಾಲರಿ, ಇವೆರಡೂ ಒಂದೇ ಮನೆಗೆ ಇರಲಾರವು ಎಂದು ಯಾವ ನಿಯಮ ಹೇಳುತ್ತದೆ? ಗಾಳಿ ಬಿಟ್ಟುಕೊಟ್ಟರೆ ಮಾತ್ರ ಮರ್ಯಾದೆ ಸಿಗುತ್ತದೆ ಎಂಬ ಈ ವ್ಯಾಪಾರಕ್ಕೆ ಮುದ್ರೆ ಒತ್ತುವವರು ನೀವಲ್ಲವೇ? ಲಿಫ್ಟು ಹಾಕಿ, ಸಂಡಾಸು ಕಟ್ಟಿ, ಸೋರದ ಸೂರು ಕೊಡಿ. ಹಲಸನ್ನು ನಿಂತಲ್ಲೇ ಬಿಟ್ಟು, ಕಿಟಕಿಗೆ ಚಿಲಕ ಇಟ್ಟು ಕಟ್ಟಿ ಎಂದು ಆ ಕಡತದ ಮೇಲೆ ಒಂದು ಸಾಲು ಬರೆಯಲು ನಿಮಗೆ ಎಷ್ಟು ಶಾಯಿ ಬೇಕು?

ಬರೆಯುವುದಿಲ್ಲ, ಗೊತ್ತಿದೆ. ಅದಕ್ಕೆ ನನ್ನ ಬೇಡಿಕೆಯನ್ನು ನಿಮ್ಮ ಕೈಲಾಗುವ ಮಟ್ಟಕ್ಕೆ ಇಳಿಸಿದ್ದೇನೆ. ಎಲ್ಲರೂ ನಿಮ್ಮಲ್ಲಿ ಬೇಗ ಮಾಡಿ ಎಂದು ಬೇಡುತ್ತಾರೆ, ನಾನು ತಡಮಾಡಿ ಎಂದು ಬೇಡುತ್ತೇನೆ. ಯಾವುದೋ ನಕಲು ಪ್ರತಿ ಇಲ್ಲವೆಂದು ಕಡತ ವಾಪಸು ಕಳಿಸಿ. ಸಾಹೇಬರು ಸೈಟ್ ಮೇಲಿದ್ದಾರೆ ಎನ್ನಿಸಿ. ಮುಂದಿನ ವಾರ ಬನ್ನಿ ಎನ್ನಿ, ಆ ವಾರ ರಜೆ ಹಾಕಿ. ಸೋಮವ್ವ ಕಾಕಿ ನನ್ನನ್ನು ಕ್ಷಮಿಸಲಿ, ಮಳೆ ಶುರುವಾಗುವವರೆಗೆ ಮಾತ್ರ. ಈ ಒಂದು ಬೇಸಿಗೆ ನನ್ನ ಮಗಳು ಅಲ್ಲಿ ಮಲಗಿಕೊಳ್ಳಲಿ. ಮುಂದಿನ ಬೇಸಿಗೆಗೆ ಎಲ್ಲಿ ಎಂದು ನನ್ನನ್ನು ಕೇಳಬೇಡಿ.

ಇಂತಿ,
ನಿಮ್ಮ ಸೋಮಾರಿತನವನ್ನಷ್ಟೇ ನಂಬಿಕೊಂಡಿರುವ
ಮಾಧುರಿ, ಯಕ್ಷಿತಾಳ ತಾಯಿ
ಮುಲುಂಡ್